ವರ್ಡ್ ಫೈಲ್ ತಂದು ಹಾಕಿದರೆ ಪುಟ ಯಾಕೆ ಕೆಡುತ್ತದೆ?

ಪ್ರಶ್ನೆ: ನಾನು ಮುಂಬಯಿ ಹತ್ತಿರದ ಡೊಂಬಿವಲಿಯವನು. ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆ ಈ ಸಲ ನನ್ನ ಹೆಗಲಿಗೆ ಬಿದ್ದಿದೆ. ಲೇಖನ, ಕವಿತೆ, ವರದಿ ಎಲ್ಲ ವರ್ಡ್ ಫೈಲ್‌ನಲ್ಲಿ ಬರುತ್ತವೆ, ಒಬ್ಬೊಬ್ಬರದು ಒಂದೊಂದು ಥರ. ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಟೆಂಪ್ಲೇಟ್ ಮಾಡಿಟ್ಟಿದ್ದೇನೆ. ಆದರೆ ಲೇಖನ ತಂದು ಹಾಕಿದ ಕೂಡಲೇ ಒಂದು ಪುಟದಲ್ಲಿ ಅಕ್ಷರ ದೊಡ್ಡದು, ಇನ್ನೊಂದರಲ್ಲಿ ಸಣ್ಣದು. ಸಾಲಿನ ಅಂತರವೂ ಬೇರೆ ಬೇರೆ. ಪ್ರತಿ ಪುಟವನ್ನೂ ಕೈಯಲ್ಲೇ ಸರಿ ಮಾಡಬೇಕಾ?

ಉತ್ತರ: ಖಂಡಿತ ಬೇಡ. ಪುಟಪುಟ ಕೂತು ತಿದ್ದಿದರೆ ಒಂದು ಪುಟ ಸರಿಯಾಗುವಷ್ಟರಲ್ಲಿ ಮುಂದಿನದು ಜಾರುತ್ತದೆ. ಕೊನೇ ಗಳಿಗೆಯಲ್ಲಿ ಯಾರೋ ಒಂದು ಪ್ಯಾರಾ ಸೇರಿಸಿ ಅಂದರೆ ಎಲ್ಲ ಮತ್ತೆ ಮೊದಲಿಂದ.

ನಿಮ್ಮ ಟೆಂಪ್ಲೇಟ್‌ನಲ್ಲಿ ಪುಟದ ಅಳತೆ, ಅಂಚು, ಕಾಲಂ, ಪುಟಸಂಖ್ಯೆ ಇರುತ್ತವೆ. ಅಕ್ಷರದ ಗಾತ್ರ, ಸಾಲಿನ ಅಂತರ ನಿರ್ಧಾರವಾಗುವುದು ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ, ಅಂದರೆ ಒಂದು ಬಗೆಯ ಪ್ಯಾರಾ ಹೇಗೆ ಕಾಣಬೇಕು ಎಂದು ಹೆಸರಿಟ್ಟು ಉಳಿಸಿದ ನಿಯಮಗಳಲ್ಲಿ. ವರ್ಡ್‌ನಿಂದ ಬರುವ ಬರಹ ಮಾತ್ರ ಬರಿಗೈಯಲ್ಲಿ ಬರುವುದಿಲ್ಲ. ಬರೆದವರು ಎಲ್ಲೆಲ್ಲಿ ಬೋಲ್ಡ್ ಮಾಡಿದ್ದಾರೆ, ಎಲ್ಲಿ ಗಾತ್ರ 14ಕ್ಕೆ ಏರಿಸಿದ್ದಾರೆ, ಅದೆಲ್ಲವೂ ಜೊತೆಗೇ ಬರುತ್ತದೆ. ಹಾಗಾಗಿ ಪುಟಗಳೆಲ್ಲ ಒಂದೇ ಥರ ಕಾಣಬೇಕೆಂದರೆ ಕೆಲಸ ಶುರುವಾಗಬೇಕಾದದ್ದು ವರ್ಡ್‌ನಲ್ಲೇ.

ಬಂದ ಫೈಲ್ ಒಂದನ್ನು ವರ್ಡ್‌ನಲ್ಲಿ ತೆರೆದು ಕಂಟ್ರೋಲ್, ಶಿಫ್ಟ್ ಜೊತೆ 8 ಒತ್ತಿ. ಅಡಗಿದ್ದ ಚಿಹ್ನೆಗಳೆಲ್ಲ ಕಾಣುತ್ತವೆ. ಶೀರ್ಷಿಕೆಯನ್ನು ನಡುವೆ ತರಲು ಸ್ಪೇಸ್ ಬಾರ್ ಒತ್ತುತ್ತಾ ಹೋಗಿರುತ್ತಾರೆ, ಅಲ್ಲಿ ಚುಕ್ಕಿಗಳ ಸಾಲು. ಪ್ಯಾರಾ ಶುರುವಾಗುವಲ್ಲಿ ಒಂದು ಕಡೆ ಟ್ಯಾಬ್, ಇನ್ನೊಂದು ಕಡೆ ಐದು ಸ್ಪೇಸ್. ಹೊಸ ಪುಟಕ್ಕೆ ಹೋಗಲು ಎಂಟರ್ ಮೇಲೆ ಎಂಟರ್. ಬರೆದವರ ಪರದೆಯಲ್ಲಿ ಚೆಂದ ಕಂಡಿದ್ದೂ ಹೌದು. ಆದರೆ ಕಾಲಮಿನ ಅಗಲ ಬದಲಾದ ಕೂಡಲೇ ಈ ಸ್ಪೇಸು, ಎಂಟರ್‌ಗಳೆಲ್ಲ ನಡುಪುಟದಲ್ಲಿ ಬಂದು ಕೂರುತ್ತವೆ.

ಮೊದಲು ಇವನ್ನು ತೆಗೆಯಿರಿ. ಫೈಂಡ್ ಆಂಡ್ ರಿಪ್ಲೇಸ್‌ನಲ್ಲಿ ‘ಸ್ಪೆಷಲ್’ ಎಂಬ ಪಟ್ಟಿ ಇದೆ. ಮೇಲಿನ ಪೆಟ್ಟಿಗೆಯಲ್ಲಿ ಪ್ಯಾರಾಗ್ರಾಫ್ ಮಾರ್ಕ್ ಎರಡು ಸಲ, ಕೆಳಗಿನದರಲ್ಲಿ ಒಂದು ಸಲ ಹಾಕಿ, ಇನ್ನು ಸಿಗುವುದಿಲ್ಲ ಅನ್ನುವ ತನಕ ಬದಲಾಯಿಸಿ. ಎರಡೆರಡು ಸ್ಪೇಸ್‌ಗಳಿಗೂ ಹೀಗೇ. ಕವಿತೆಗಳನ್ನು ಮಾತ್ರ ಇದರಿಂದ ಹೊರಗಿಡಿ, ಇಲ್ಲದಿದ್ದರೆ ಪದ್ಯದ ನುಡಿಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕವಿತೆಯಲ್ಲಿ ಸಾಲಿನ ಕೊನೆಗೆ ಶಿಫ್ಟ್ ಹಿಡಿದು ಎಂಟರ್, ನುಡಿ ಮುಗಿದಲ್ಲಿ ಬರೀ ಎಂಟರ್. ಹಾಗೆ ಮಾಡಿದರೆ ಒಂದು ನುಡಿ ಒಂದು ಪ್ಯಾರಾ ಆಗುತ್ತದೆ. ನುಡಿಗಳ ನಡುವಿನ ಜಾಗವನ್ನು ಸ್ಟೈಲ್ ನೋಡಿಕೊಳ್ಳುತ್ತದೆ.

ಆಮೇಲೆ ಪ್ರತಿ ಪ್ಯಾರಾಕ್ಕೂ ಅದು ಏನು ಅನ್ನುವುದನ್ನು ಹೇಳಿ, ಹೇಗೆ ಕಾಣಬೇಕು ಅನ್ನುವುದನ್ನು ಈಗ ಹೇಳಬೇಡಿ. ಶೀರ್ಷಿಕೆ, ಲೇಖಕರು, ಉಪಶೀರ್ಷಿಕೆ, ಪ್ಯಾರಾ, ಕವಿತೆ, ಚಿತ್ರದ ಕೆಳಗಿನ ಸಾಲು. ಸಂಘದ ಸಂಚಿಕೆಗೆ ಇಷ್ಟು ಸ್ಟೈಲ್ ಸಾಕು. ವರ್ಡ್‌ನಲ್ಲಿ ಇವು ಹೇಗೆ ಕಂಡರೂ ಪರವಾಗಿಲ್ಲ. ಇದೇ ಹೆಸರುಗಳು ಇನ್‌ಡಿಸೈನ್ ಟೆಂಪ್ಲೇಟ್‌ನಲ್ಲೂ ಇರಲಿ. ಒಂದು ಕಡೆ ‘ಉಪಶೀರ್ಷಿಕೆ’, ಇನ್ನೊಂದು ಕಡೆ ‘ಉಪ ಶೀರ್ಷಿಕೆ’ ಅಂದರೆ ಅವು ಎರಡು ಬೇರೆ ಸ್ಟೈಲ್‌ಗಳಾಗಿಬಿಡುತ್ತವೆ.

ಇನ್ನು ತಂದು ಹಾಕುವುದು. ಇನ್‌ಡಿಸೈನ್‌ನಲ್ಲಿ ಕಂಟ್ರೋಲ್ ಜೊತೆ ಡಿ ಒತ್ತಿ, ಫೈಲ್ ಆರಿಸುವ ಮುಂಚೆ ‘ಶೋ ಇಂಪೋರ್ಟ್ ಆಪ್ಷನ್ಸ್’ ಗುರುತು ಹಾಕಿ. ಒಂದೇ ಹೆಸರಿನ ಸ್ಟೈಲ್ ಎರಡೂ ಕಡೆ ಇದ್ದರೆ ಯಾವುದನ್ನು ಉಳಿಸಲಿ ಎಂದು ಅಲ್ಲಿ ಕೇಳುತ್ತದೆ. ಇನ್‌ಡಿಸೈನ್‌ನದ್ದು ಅನ್ನಿ. ಹೆಸರು ಬೇರೆ ಇದ್ದರೆ ‘ಸ್ಟೈಲ್ ಮ್ಯಾಪಿಂಗ್’ನಲ್ಲಿ ಯಾವುದಕ್ಕೆ ಯಾವುದು ಎಂದು ಜೋಡಿಸಬಹುದು. ನಂತರ ಮೊದಲ ಪುಟದ ಮೇಲೆ ಶಿಫ್ಟ್ ಹಿಡಿದು ಕ್ಲಿಕ್ ಮಾಡಿ. ಬರಹ ಮುಗಿಯುವ ತನಕ ಬೇಕಾದಷ್ಟು ಪುಟಗಳು ತಾವಾಗಿಯೇ ಸೇರಿಕೊಳ್ಳುತ್ತವೆ.

ತಂದ ಮೇಲೆ ಸ್ಟೈಲ್ ಪಟ್ಟಿ ನೋಡಿ. ಹೆಸರಿನ ಪಕ್ಕ ಸಣ್ಣ ಫ್ಲಾಪಿಯ ಚಿತ್ರ ಇದ್ದರೆ ಆ ಸ್ಟೈಲ್ ವರ್ಡ್‌ನಿಂದ ನುಸುಳಿ ಬಂದಿದೆ. ಅದನ್ನು ಅಳಿಸಿ, ಬದಲಿಗೆ ಯಾವುದು ಎಂದು ಕೇಳಿದಾಗ ನಿಮ್ಮದನ್ನು ಕೊಡಿ. ಹೆಸರಿನ ಮುಂದೆ ಪ್ಲಸ್ ಚಿಹ್ನೆ ಇದ್ದರೆ ಆ ಪ್ಯಾರಾದಲ್ಲಿ ಕೈಯಾರೆ ಮಾಡಿದ ಬದಲಾವಣೆ ಉಳಿದಿದೆ ಎಂದರ್ಥ. ಆಲ್ಟ್ ಹಿಡಿದು ಸ್ಟೈಲ್ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಹೋಗುತ್ತದೆ. ಆದರೆ ಲೇಖಕರು ಬೇಕೆಂದೇ ಓರೆ ಅಕ್ಷರದಲ್ಲಿ ಹಾಕಿದ ಪುಸ್ತಕದ ಹೆಸರುಗಳೂ ಅದರ ಜೊತೆ ನೆಟ್ಟಗಾಗುತ್ತವೆ. ಅದಕ್ಕೇ ಮೊದಲು ಫೈಂಡ್ ಚೇಂಜ್‌ನಲ್ಲಿ ಓರೆ, ದಪ್ಪ ಅಕ್ಷರಗಳನ್ನು ಹುಡುಕಿ ಅವಕ್ಕೊಂದು ಕ್ಯಾರೆಕ್ಟರ್ ಸ್ಟೈಲ್ (ಪ್ಯಾರಾದ ಒಳಗಿನ ಕೆಲವು ಅಕ್ಷರಗಳಿಗಷ್ಟೇ ಹಚ್ಚುವ ಸ್ಟೈಲ್) ಕೊಡಿ. ಪ್ಲಸ್ ತೆಗೆಯುವುದು ಆಮೇಲೆ.

ಕನ್ನಡಕ್ಕೆಂದೇ ಮೂರು ಮಾತು. ಪ್ಯಾರಾ ಸ್ಟೈಲ್‌ನಲ್ಲಿ ಅಕ್ಷರ, ಸಾಲು ಜೋಡಿಸುವ ‘ವರ್ಲ್ಡ್ ರೆಡಿ’ ಕಂಪೋಸರ್ ಆರಿಸಿರಬೇಕು. ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಪಕ್ಕದಲ್ಲಿ ಬಂದು ನಿಲ್ಲುವ ಸಾಧ್ಯತೆ ಇದೆ. ಎರಡನೆಯದು ಸಾಲಿನ ಅಂತರ. ಇನ್‌ಡಿಸೈನ್ ತಾನಾಗಿ ಕೊಡುವುದು ಅಕ್ಷರದ ಗಾತ್ರದ 120 ಪರ್ಸೆಂಟ್. ಇಂಗ್ಲಿಷಿಗೆ ಅದು ಸಾಕು. ‘ರಾಷ್ಟ್ರ’ ಬರೆದು ನೋಡಿ, ಒತ್ತಿನ ಕೆಳಗೆ ಇನ್ನೊಂದು ಒತ್ತು. ಕೆಳಗಿನ ಸಾಲಿನಲ್ಲಿ ಅದರ ನೇರಕ್ಕೆ ‘ಕೀ’ ಅಥವಾ ‘ವಿ’ ಬಂದರೆ ಎರಡೂ ತಾಗುತ್ತವೆ. 11 ಪಾಯಿಂಟ್ ಅಕ್ಷರಕ್ಕೆ ನಾನು 16 ಪಾಯಿಂಟ್ ಅಂತರ ಕೊಡುತ್ತೇನೆ. ಅದನ್ನು ಸ್ಟೈಲ್‌ನಲ್ಲೇ ಗಟ್ಟಿಯಾಗಿ ಬರೆದಿಡಿ.

ಮೂರನೆಯದು ಕಾಲಂ. ಎ4 ಪುಟದ ಅಗಲ 210 ಮಿಲಿಮೀಟರ್. ಎರಡೂ ಕಡೆ 20 ಬಿಟ್ಟು ಮೂರು ಕಾಲಂ ಮಾಡಿದರೆ, ಕಾಲಂಗಳ ನಡುವಿನ ಜಾಗ ಕಳೆದು ಒಂದಕ್ಕೆ ಸಿಗುವುದು 53ರ ಆಸುಪಾಸು. ‘ಭಾಗವಹಿಸಿದ್ದರಿಂದ’ ಎಂಬಂಥ ಪದಕ್ಕೇ ಅರ್ಧ ಸಾಲು ಬೇಕು. ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ದೊಡ್ಡ ದೊಡ್ಡ ಕಂಡಿ ಬೀಳುತ್ತವೆ. ಎರಡೇ ಕಾಲಂ ಇಡಿ. ಮೂರೇ ಬೇಕೆಂದರೆ ಬಲ ಅಂಚನ್ನು ಸಡಿಲ ಬಿಡಿ, ಓದಲು ಏನೂ ತೊಂದರೆಯಿಲ್ಲ.

ಮುಂಬಯಿಯಲ್ಲಿ ಸಂಚಿಕೆ ಮಾಡುವವರಿಗೆ ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಇಲ್ಲಿನ ಪ್ರೆಸ್ಸುಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವವರು ಹೆಚ್ಚಾಗಿ ಮರಾಠಿ, ಹಿಂದಿ ಓದುವವರು. ಕೆಲಸದಲ್ಲಿ ಪಳಗಿದವರೇ. ಆದರೆ ಒಂದು ಒತ್ತು ಬಿದ್ದುಹೋದರೆ ಅವರ ಕಣ್ಣಿಗೆ ಬೀಳುವುದಿಲ್ಲ, ಬೀಳಬೇಕೆಂದು ಬಯಸುವುದೂ ನ್ಯಾಯವಲ್ಲ. ಹಾಗಾಗಿ ತೆರೆದ ಫೈಲ್ ಕೊಡಬೇಡಿ. ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕೊಡಿ. ಮಧ್ಯದಲ್ಲಿ ಪಿನ್ ಹೊಡೆಯುವ ಸಂಚಿಕೆಯಾದರೆ ಪುಟಗಳ ಲೆಕ್ಕ ನಾಲ್ಕರಿಂದ ಭಾಗವಾಗಲಿ. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ತರಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಪ್ರಶ್ನೆ: ಪುಣೆಯಲ್ಲಿ ನಮ್ಮ ಸಂಘದ ಹಳೇ ಲೇಖನಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತಿದ್ದೇವೆ. ಕೆಲವು ‘ನುಡಿ’ ತಂತ್ರಾಂಶದಲ್ಲಿ, ಕೆಲವು ‘ಶ್ರೀಲಿಪಿ’ಯಲ್ಲಿ ಟೈಪ್ ಆದವು. ಸ್ಟೈಲ್ ಕೊಟ್ಟ ಕೂಡಲೇ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಗುರುತುಗಳ ರಾಶಿ ಬರುತ್ತದೆ. ಏನು ಮಾಡಲಿ?

ಉತ್ತರ: ಆ ಫೈಲ್‌ಗಳು ಯೂನಿಕೋಡ್‌ನಲ್ಲಿಲ್ಲ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಪದ್ಧತಿಯಲ್ಲಿಲ್ಲ, ಅಷ್ಟೇ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಿದ್ದರು. ಫಾಂಟ್ ಬದಲಾದರೆ ಒಳಗಿನದು ಹೊರಗೆ ಕಾಣುತ್ತದೆ. ಸ್ಟೈಲ್ ಕೊಡುವ ಮುಂಚೆ ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ನುಡಿಯ ಜೊತೆ ಪರಿವರ್ತಕ ಬರುತ್ತದೆ. ಶ್ರೀಲಿಪಿ ನಿಮ್ಮ ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯವರದ್ದೇ, ಅದರ ಪರಿವರ್ತಕಕ್ಕೆ ಅವರನ್ನೇ ಕೇಳಿ. ಪ್ರತಿ ಫೈಲ್ ಯಾವುದರಲ್ಲಿದೆ ಎಂದು ಮೊದಲೇ ಬೇರೆ ಮಾಡಿಟ್ಟುಕೊಳ್ಳಿ, ಒಂದರ ಪರಿವರ್ತಕ ಇನ್ನೊಂದಕ್ಕೆ ಆಗುವುದಿಲ್ಲ.

ಬದಲಾದ ಮೇಲೆ ಮೂರು ಕಡೆ ಕಣ್ಣಿಡಿ. ಅರ್ಕಾವತ್ತು ಮೊದಲನೆಯದು. ಹಳೇ ಫಾಂಟ್‌ಗಳಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಅಕ್ಷರಕ್ಕೆ ಮೊದಲೇ ‘ರ್’ ಬರಬೇಕು. ‘ಕಾರ್ಯದರ್ಶಿ’ ಎಂಬ ಪದವನ್ನು ಹುಡುಕಿ ನೋಡಿ. ಸಂಘದ ಬರಹಗಳಲ್ಲಿ ಅದು ಸಿಕ್ಕೇ ಸಿಗುತ್ತದೆ, ಅದರಲ್ಲಿ ಅರ್ಕಾವತ್ತು ಎರಡು ಸಲ ಇದೆ. ಎರಡನೆಯದು ‘ರಾಜ್‌ಕುಮಾರ್’ ಥರದ ಹೆಸರು. ‘ಜ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇದ್ದರೆ ಮಾತ್ರ ಅದು ಬಿಡಿಯಾಗಿ ನಿಲ್ಲುತ್ತದೆ. ಚಿಹ್ನೆ ಹೋದರೆ ‘ರಾಜ್ಕುಮಾರ್’ ಆಗುತ್ತದೆ. ಇನ್ನು ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಅಕ್ಷರ ಮಾಡಿಬಿಡಬಹುದು. ಹಳೇ ಮುದ್ರಿತ ಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪರದೆ ನೋಡಲಿ. ಬೇರೆ ದಾರಿ ನನಗೆ ಕಂಡಿಲ್ಲ.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿದ್ದೇವೆ. ನಮ್ಮ ಪತ್ರಿಕೆಯಲ್ಲಿ ಕನ್ನಡದ ನಡುವೆ ದೇವನಾಗರಿಯಲ್ಲಿ ಕೊಂಕಣಿ ಸಾಲುಗಳೂ ಬರುತ್ತವೆ. ಕನ್ನಡದ ಸ್ಟೈಲ್ ಕೊಟ್ಟರೆ ಕೊಂಕಣಿ ಸಾಲು ಬರೀ ಪೆಟ್ಟಿಗೆಗಳಾಗುತ್ತದೆ.

ಉತ್ತರ: ನಿಮ್ಮ ಕನ್ನಡ ಫಾಂಟ್‌ನಲ್ಲಿ ದೇವನಾಗರಿ ಇಲ್ಲ, ಅದಕ್ಕೇ ಹೀಗೆ. ನೋಟೋ ಸೆರಿಫ್ ಕನ್ನಡ, ನೋಟೋ ಸೆರಿಫ್ ದೇವನಾಗರಿ ಎರಡನ್ನೂ ಹಾಕಿಕೊಳ್ಳಿ. ಒಂದೇ ಬಳಗದವಾದ್ದರಿಂದ ಜೊತೆಯಲ್ಲಿ ಹೊಂದುತ್ತವೆ, ದುಡ್ಡೂ ಕೊಡಬೇಕಿಲ್ಲ. ದೇವನಾಗರಿಗೆ ಒಂದು ಕ್ಯಾರೆಕ್ಟರ್ ಸ್ಟೈಲ್ ಮಾಡಿ. ಆಮೇಲೆ ಪ್ಯಾರಾ ಸ್ಟೈಲ್‌ನ ಒಳಗಿರುವ ‘ಗ್ರೆಪ್ ಸ್ಟೈಲ್’ (ಹೇಳಿದ ಬಗೆಯ ಅಕ್ಷರಗಳನ್ನು ತಾನೇ ಹುಡುಕಿ ಸ್ಟೈಲ್ ಹಚ್ಚುವ ಸೌಲಭ್ಯ) ಎಂಬಲ್ಲಿ ಯೂನಿಕೋಡ್ 0900ರಿಂದ 097ಎಫ್ ತನಕದ ಅಕ್ಷರ ಸಿಕ್ಕಲ್ಲೆಲ್ಲ ಅದನ್ನು ಹಚ್ಚಲು ಹೇಳಿ. ಒಂದು ಸಲ ಬರೆದಿಟ್ಟರೆ ಮುಂದಿನ ಸಂಚಿಕೆಗಳಿಗೂ ಆಯಿತು. ಪೂರ್ತಿ ಕೊಂಕಣಿಯಲ್ಲೇ ಇರುವ ಲೇಖನಕ್ಕೆ ಬೇರೆ ಪ್ಯಾರಾ ಸ್ಟೈಲ್ ಮಾಡಿ. ಸಾಲಿನ ಅಂತರ ಮಾತ್ರ ಕನ್ನಡದಷ್ಟೇ ಇರಲಿ, ಆಗ ಎದುರುಬದುರು ಪುಟಗಳ ಸಾಲುಗಳು ಒಂದೇ ನೇರಕ್ಕೆ ಬರುತ್ತವೆ.