ಎಪಿಎಯಿಂದ ವ್ಯಾಂಕೂವರ್‌ಗೆ: ಕೈಯಲ್ಲಿ ಬದಲಿಸಬೇಡಿ

ಎಪಿಎ ಶೈಲಿಯಲ್ಲಿ (ಲೇಖಕರ ಹೆಸರು, ವರ್ಷ) ಟೈಪ್ ಮಾಡಿದ 60 ಉಲ್ಲೇಖಗಳನ್ನು ಪ್ಲಾಸ್ ಒನ್ ಸಂಶೋಧನಾ ಪತ್ರಿಕೆಗಾಗಿ ವ್ಯಾಂಕೂವರ್ ಶೈಲಿಗೆ (ಹೆಸರಿನ ಬದಲು ಅಂಕಿ) ಮತ್ತೆ ಒಂದೊಂದಾಗಿ ಬರೆಯಬೇಕಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ. ಉಲ್ಲೇಖಗಳನ್ನು ನಿಭಾಯಿಸುವ ಝೊಟೆರೊ ತಂತ್ರಾಂಶ ಹಾಕಿಕೊಳ್ಳಿ, ಉಚಿತ. ಡಿಒಐ (ಪ್ರತಿ ಲೇಖನಕ್ಕೂ ಇರುವ ಗುರುತಿನ ಸಂಖ್ಯೆ) ಕೊಟ್ಟರೆ ಲೇಖನದ ವಿವರ ತಾನೇ ಬರುತ್ತದೆ. ವರ್ಡ್‌ನಲ್ಲಿ ಹಳೆಯ 'ಹೆಸರು, ವರ್ಷ' ಅಳಿಸಿ, ಅದೇ ಜಾಗದಲ್ಲಿ ಝೊಟೆರೊದ ಪ್ಲಗಿನ್‌ನಿಂದ ವ್ಯಾಂಕೂವರ್ ಶೈಲಿಯಲ್ಲಿ ಉಲ್ಲೇಖ ಸೇರಿಸಿ. ಆಮೇಲೆ ಪ್ಯಾರಾ ಹಿಂದೆ ಮುಂದೆ ಮಾಡಿದರೂ ಚೌಕ ಕಂಸದ ಅಂಕಿಗಳು ತಾವೇ ಸರಿಹೋಗುತ್ತವೆ. ಕೊನೆಯ ಪಟ್ಟಿಯಲ್ಲಿ, ಲೇಖಕರು ಆರಕ್ಕಿಂತ ಜಾಸ್ತಿ ಇದ್ದರೆ ಮೊದಲ ಆರು ಹೆಸರು, ನಂತರ 'ಎಟ್ ಆಲ್' (ಮತ್ತು ಇತರರು).

ನಮ್ಮ ಕಡೆಯ ಹೆಸರುಗಳನ್ನು ಮಾತ್ರ ಒಂದೊಂದಾಗಿ ನೋಡಿ. ಇನಿಷಿಯಲ್ ಯಾವುದು, ಸರ್‌ನೇಮ್ ಯಾವುದು ಅಂತ ತಂತ್ರಾಂಶಕ್ಕೇನು ಗೊತ್ತು? ನನ್ನ ಗೈಡ್ ಹೆಸರೇ ಒಮ್ಮೆ ತಲೆಕೆಳಗಾಗಿತ್ತು! ತಿದ್ದುವುದಾದರೆ ಝೊಟೆರೊದಲ್ಲೇ ತಿದ್ದಿ. ವರ್ಡ್‌ನಲ್ಲಿ ತಿದ್ದಿದರೆ ರಿಫ್ರೆಶ್ ಆದಾಗ ಹಳೆಯದೇ ವಾಪಸ್ ಬರುತ್ತದೆ.