ಇಳಿಸಿದ ಮೇಲೆ ಒಮ್ಮೆಯಾದರೂ ತೆರೆದು ನೋಡಿದಿರಾ?

ನಮಸ್ಕಾರ,

ಗಾಗ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟಗಳ ಇನ್‌ಸ್ಟಾಲರ್‌ಗಳನ್ನು ಇಳಿಸಿ ಕೂಡಿಡುವ ಮೂರು ಸಾಧನಗಳನ್ನು (ಗಾಗ್‌ರೆಪೊ, ಎಲ್‌ಗಾಗ್‌ಡೌನ್‌ಲೋಡರ್, ಗಾಗ್‌ನದೇ ಆಪ್ ಗ್ಯಾಲಕ್ಸಿ) ಹೋಲಿಸಿದ ನಿಮ್ಮ ಲೇಖನ ಓದಿದೆ. ವಿಷಯ ಒಳ್ಳೆಯದು, ಕನ್ನಡದಲ್ಲಿ ಇದನ್ನು ಬರೆಯುವವರು ಕಡಿಮೆ. ಅಣ್ಣನ ಹಳೆಯ ಹಾರ್ಡ್ ಡಿಸ್ಕ್ ಕೈಕೊಟ್ಟ ರಾತ್ರಿಯ ಮೊದಲ ಪ್ಯಾರಾ ನನಗೆ ಬಹಳ ಹಿಡಿಸಿತು. ಆದರೆ ಮೂರನೆಯ ಪುಟದ ಒಂದು ವಾಕ್ಯ ನನ್ನನ್ನು ಎರಡು ದಿನ ಬಿಡಲಿಲ್ಲ.

"ಡೌನ್‌ಲೋಡ್ ಪೂರ್ಣಗೊಂಡ ನಂತರ ನಿಮ್ಮ ಆಟಗಳು ಶಾಶ್ವತವಾಗಿ ಸುರಕ್ಷಿತವಾಗಿರುತ್ತವೆ."

ಯಾರು ಹೇಳಿದರು? ದೊಡ್ಡ ಆಟ ಒಂದೇ ಫೈಲಾಗಿ ಬರುವುದಿಲ್ಲ. ಒಂದು ಸೆಟಪ್ ಫೈಲು, ಅದರ ಹಿಂದೆ ಸಾಲಾಗಿ ಆಟದ ಡೇಟಾ ತುಂಬಿದ ಬಿನ್ ಫೈಲುಗಳು. ಅದರಲ್ಲಿ ಒಂದು ಕೆಟ್ಟಿದ್ದರೂ ಇನ್‌ಸ್ಟಾಲ್ ಅರ್ಧದಲ್ಲಿ ನಿಲ್ಲುತ್ತದೆ. ಅದು ನಿಮಗೆ ಗೊತ್ತಾಗುವುದು ಐದು ವರ್ಷ ಬಿಟ್ಟು, ಆಡಬೇಕು ಅನ್ನಿಸಿದ ದಿನ.

ಮುಂದಿನ ಸಾಲು: "ವೇಗದ ದೃಷ್ಟಿಯಿಂದ ಎಲ್‌ಗಾಗ್‌ಡೌನ್‌ಲೋಡರ್ ಅತ್ಯುತ್ತಮ." ವೇಗದ ಬಗ್ಗೆ ಎರಡು ಪುಟ ಬರೆದಿದ್ದೀರಿ. ಕೂಡಿಡುವವನಿಗೆ ವೇಗ ಒಂದು ರಾತ್ರಿಯ ಮಾತು.

ಅದರ ಕೆಳಗಿನ ಪಟ್ಟಿಯಲ್ಲಿ ಗಾಗ್‌ರೆಪೊ ಎದುರು "ವೆರಿಫೈ: ಇದೆ" ಅಂತ ಒಂದೇ ಪದ. ಲೇಖನದ ಜೀವವೇ ಅಲ್ಲಿತ್ತು! ನಾನು ನಿನ್ನೆ ಕೂತು ಮಾಡಿ ನೋಡಿದೆ. ಒಂದು ಬಿನ್ ಫೈಲಿನಲ್ಲಿ ಒಂದೇ ಒಂದು ಬೈಟ್ ಬದಲಿಸಿದೆ. ಹೆಸರು ಅದೇ, ಗಾತ್ರ ಅಷ್ಟೇ, ಫೋಲ್ಡರ್ ನೋಡಿದರೆ ಏನೂ ಗೊತ್ತಾಗದು. ವೆರಿಫೈ ಓಡಿಸಿದರೆ ಎಂಡಿ5 (ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಮೊತ್ತ) ಹೊಂದುತ್ತಿಲ್ಲ ಎಂದು ಆ ಫೈಲಿನ ಹೆಸರು ಹಿಡಿದು ತೋರಿಸಿತು. ಇನ್‌ಸ್ಟಾಲರ್‌ಗಳ ಎಂಡಿ5 ಮೊತ್ತವನ್ನು ಗಾಗ್ ತಾನೇ ಕೊಡುತ್ತದೆ, ಗಾಗ್‌ರೆಪೊ ಅದನ್ನು ತನ್ನ ಮ್ಯಾನಿಫೆಸ್ಟ್‌ನಲ್ಲಿ, ಅಂದರೆ ಫೈಲುಗಳ ಪಟ್ಟಿಯಲ್ಲಿ, ಬರೆದಿಟ್ಟುಕೊಳ್ಳುತ್ತದೆ. ಜೊತೆಗೆ ಬರುವ ಸಂಗೀತ, ಕೈಪಿಡಿಗಳಿಗೆ ಆ ಮೊತ್ತ ಸಿಗುವುದಿಲ್ಲ. ಅಲ್ಲಿ ಗಾತ್ರ ಸರಿಯಿದೆಯೇ, ಜಿಪ್ ಸರಿಯಾಗಿ ಬಿಚ್ಚುತ್ತದೆಯೇ ಎಂದಷ್ಟೇ ನೋಡಬಹುದು. ಎಲ್‌ಗಾಗ್‌ಡೌನ್‌ಲೋಡರ್‌ನ ರಿಪೇರ್ ಇನ್ನೊಂದು ಹೆಜ್ಜೆ ಮುಂದೆ: ಫೈಲನ್ನು ತುಂಡು ತುಂಡಾಗಿ ತಾಳೆ ನೋಡಿ, ಕೆಟ್ಟ ತುಂಡನ್ನು ಮಾತ್ರ ಮತ್ತೆ ಇಳಿಸುತ್ತದೆ. ಮೂವತ್ತು ಜಿಬಿಯ ಆಟ, ತಿಂಗಳ ಡೇಟಾಕ್ಕೆ ಮಿತಿ ಇರುವ ಮನೆ. ಆ ಓದುಗನಿಗೆ ಇದಕ್ಕಿಂತ ಮುಖ್ಯ ಸುದ್ದಿ ಯಾವುದಿದೆ? ಗ್ಯಾಲಕ್ಸಿಯ ಬಗ್ಗೆ ನೀವು ಬರೆದದ್ದು ಸಾಕು.

ಸ್ವಲ್ಪ ನನ್ನ ಕಥೆ ಹೇಳುತ್ತೇನೆ. 1999ರಲ್ಲಿ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಸಿಡಿ ಬರೆಯುವುದರ ಬಗ್ಗೆ ಲೇಖನ ಕೊಟ್ಟೆ, "ನೂರು ವರ್ಷ ಭದ್ರ" ಅಂತ ಸಿಡಿ ಡಬ್ಬಿಯ ಮೇಲಿದ್ದ ಮಾತನ್ನೇ ಇಳಿಸಿದ್ದೆ. ಹಿರಿಯ ಉಪಸಂಪಾದಕರು ಕನ್ನಡಕ ತೆಗೆದು ಕೇಳಿದರು: "ಬರೆದ ಸಿಡಿಯನ್ನ ಮತ್ತೆ ಹಾಕಿ ನೋಡಿದೀಯೇನಪ್ಪಾ?" ನೋಡಿರಲಿಲ್ಲ. ಅಪ್ಪನ ಯಕ್ಷಗಾನ ಟಿಪ್ಪಣಿಗಳನ್ನು ಟೈಪ್ ಮಾಡಿ ಸಿಡಿಗೆ ಹಾಕಿ, ಫ್ಲಾಪಿಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಕೊಂಡಿದ್ದೆ. ಅವತ್ತು ರಾತ್ರಿ ಮನೆಗೆ ಹೋಗಿ ಹಾಕಿದೆ. ನಲವತ್ತು ಫೈಲುಗಳಲ್ಲಿ ಹನ್ನೊಂದು ತೆರೆಯಲಿಲ್ಲ. ಅಪ್ಪನ ಕೈಬರಹದ ಪುಸ್ತಕ ಅಷ್ಟರಲ್ಲಿ ಗೆದ್ದಲು ಹಿಡಿದಿತ್ತು. ಆ ಹನ್ನೊಂದು ಇವತ್ತಿಗೂ ಇಲ್ಲ. ನಿಮ್ಮ "ಶಾಶ್ವತವಾಗಿ" ನನ್ನನ್ನು ಯಾಕೆ ಅಷ್ಟು ಚುಚ್ಚಿತು ಅಂತ ಈಗ ಗೊತ್ತಾಗಿರಬೇಕು.

ಭಾಷೆಯ ಬಗ್ಗೆ ಒಂದೇ ಮಾತು. "ಗಾಗ್‌ರೆಪೊ ಬಳಕೆದಾರರಿಗೆ ತಮ್ಮ ಆಟಗಳನ್ನು ಸಂಗ್ರಹಿಸಲು ಅನುಮತಿಸುತ್ತದೆ." ನಮ್ಮ ದುಡ್ಡಿನ ಆಟ, ನಮ್ಮ ಡಿಸ್ಕು, ಅನುಮತಿ ಕೊಡಲು ಅದ್ಯಾರು? "ಗಾಗ್‌ರೆಪೊ ಇದ್ದರೆ ಆಟಗಳನ್ನೆಲ್ಲ ಒಟ್ಟಿಗೆ ಇಳಿಸಿಟ್ಟುಕೊಳ್ಳಬಹುದು" ಅನ್ನಿ. ನೀವು ಮನೆಯಲ್ಲಿ ಮಾತಾಡುವುದೂ ಹಾಗೇ ಅಲ್ಲವೇ?

ನಿಮ್ಮದೇ ಒಂದು ಚಿಕ್ಕ ಆಟ ತೆಗೆದುಕೊಳ್ಳಿ. ಅದರ ಒಂದು ಪ್ರತಿಯನ್ನು ಕೈಯಾರೆ ಕೆಡಿಸಿ. ಗಾಗ್‌ರೆಪೊ, ಎಲ್‌ಗಾಗ್‌ಡೌನ್‌ಲೋಡರ್ ಎರಡನ್ನೂ ಅದರ ಮೇಲೆ ಓಡಿಸಿ, ಪರದೆಯ ಮೇಲೆ ಏನು ಬಂತೋ ಅದನ್ನು ಬರೆದು ಕಳಿಸಿ. ವೇಗದ ಎರಡು ಪುಟ ತೆಗೆದರೆ ಜಾಗ ಬೇಕಾದಷ್ಟಿದೆ. ಅಣ್ಣನ ಹಾರ್ಡ್ ಡಿಸ್ಕಿನ ಪ್ಯಾರಾ ಮಾತ್ರ ಮುಟ್ಟಬೇಡಿ.