ಟ್ರ್ಯಾಪ್ ಕೊಳ್ಳೋಕೆ ಮುಂಚೆ ಟ್ರ್ಯಾಪರ್ ಒಬ್ಬರನ್ನ ಹುಡುಕು

ಕೆನಡಾಕ್ಕೆ ಹೊಸದಾಗಿ ಬಂದ ನಮ್ಮ ಹುಡುಗರು ಬಾಡಿಗೆ, ಪಿ.ಆರ್. (ಕಾಯಂ ವಾಸದ ಅನುಮತಿ), ಕಾರಿನ ಇನ್ಶೂರೆನ್ಸ್ ಬಗ್ಗೆ ಕೇಳ್ತಾರೆ. ನೀನು ಕೇಳಿರೋದೇ ಬೇರೆ: "ಅಣ್ಣಾ, ಊರು ಸೋಮವಾರಪೇಟೆ ಕಡೆ. ಟಿಮ್ಮಿನ್ಸ್‌ಗೆ ಓದೋಕೆ ಬಂದಿದ್ದೀನಿ. ಇಲ್ಲಿ ಯಾವ ಹಳ್ಳ ನೋಡಿದ್ರೂ ಬೀವರ್ ಕಟ್ಟೆ, ಮರ ಕಡಿದು ನೀರಿಗೆ ಅಡ್ಡ ಕಟ್ಟೋ ದೊಡ್ಡ ಇಲಿಜಾತಿ ಪ್ರಾಣಿ. ಹಿಡಿದು ತಿನ್ನಬಹುದು, ತುಪ್ಪಳ ಮಾರಬಹುದು ಅಂತಾರೆ. ನಮ್ಮಂಥವರಿಗೆ ಲೈಸೆನ್ಸ್ ಕೊಡ್ತಾರಾ? ಯಾವ ಟ್ರ್ಯಾಪ್ ತಗೊಳ್ಳಲಿ? ದುಡ್ಡು ಹುಟ್ಟುತ್ತಾ?" ನಾನು ಮೂಡಿಗೆರೆಯವನು. ನಿನ್ನ ಟಿಮ್ಮಿನ್ಸ್ ಇರೋ ಒಂಟಾರಿಯೊ ಪ್ರಾಂತ್ಯದಲ್ಲೇ, ನಾರ್ತ್ ಬೇನಲ್ಲಿ ಮನೆ ಮಾಡಿ ಬಹಳ ವರ್ಷ ಆಯ್ತು. ಚಳಿಗಾಲದಲ್ಲಿ ಇಲ್ಲಿನ ಹಿರಿಯ ಟ್ರ್ಯಾಪರ್, ಅಂದ್ರೆ ಟ್ರ್ಯಾಪ್ ಹೂಡಿ ತುಪ್ಪಳದ ಪ್ರಾಣಿ ಹಿಡಿಯೋ ಒಬ್ಬರ ಜೊತೆ ಹೆಲ್ಪರ್ ಆಗಿ ಹೋಗ್ತೀನಿ. ಗೊತ್ತಿರೋಷ್ಟು ಹೇಳ್ತೀನಿ.

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಹುಟ್ಟಲ್ಲ. ಈ ದೇಶ ಬೀವರ್ ಚರ್ಮದ ಮೇಲೆ ನಿಂತಿದ್ದು ನಿಜ. 1670ರಲ್ಲಿ ಇಂಗ್ಲೆಂಡಿನ ರಾಜ ಹಡ್ಸನ್ಸ್ ಬೇ ಕಂಪನಿಗೆ ಸನ್ನದು ಕೊಟ್ಟಾಗ ಎಲ್ಲರ ಕಣ್ಣು ಇದ್ದದ್ದು ತುಪ್ಪಳದ ಮೇಲೆ. ಕಂಪನಿಯ ಅಂಗಡಿಗಳಲ್ಲಿ ಕೊಡಲಿ, ಕಂಬಳಿ, ಬಂದೂಕು ಎಲ್ಲಕ್ಕೂ ಬೀವರ್ ಚರ್ಮದ ಲೆಕ್ಕದಲ್ಲೇ ಬೆಲೆ. ಹೊರಗಿನ ಒರಟು ಕೂದಲ ಕೆಳಗೆ ಅದಕ್ಕೊಂದು ಮೆತ್ತನೆ ಒಳತುಪ್ಪಳ ಇರುತ್ತೆ. ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳು. ಒತ್ತಿದರೆ ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಫೆಲ್ಟ್ ಆಗುತ್ತೆ, ಮಳೆಯಲ್ಲಿ ನೆನೆದರೂ ಆಕಾರ ಕೆಡಲ್ಲ. ಯುರೋಪಿನವರ ಬೆಲೆಬಾಳೋ ಟೋಪಿಗಳು ಇದರಿಂದಲೇ. ಆ ಚರ್ಮದ ಮೂಟೆ ಹೊತ್ತ ದೋಣಿಗಳು ನಮ್ಮೂರ ಪಕ್ಕದ ಮಟ್ಟಾವಾ ನದಿ ಹಿಡಿದು ಮಾಂಟ್ರಿಯಲ್‌ಗೆ ಇಳೀತಿದ್ದವು. 19ನೇ ಶತಮಾನದಲ್ಲಿ ರೇಷ್ಮೆ ಟೋಪಿಯ ಷೋಕಿ ಬಂತು, ಬೀವರ್‌ಗೆ ಸ್ವಲ್ಪ ಉಸಿರಾಡೋ ಹಾಗಾಯ್ತು. ಈಗ ಒಳ್ಳೆ ಕೌಬಾಯ್ ಟೋಪಿ ಮಾಡೋರು ಫೆಲ್ಟಿಗೆ ಕೊಳ್ತಾರೆ. ಬಾಲದ ಬುಡದಲ್ಲಿರೋ ಕ್ಯಾಸ್ಟರ್ ಗ್ರಂಥಿಯನ್ನ ಅತ್ತರಿನವರು ಕೊಳ್ತಾರೆ. ಟೊರೊಂಟೊದಲ್ಲಿದ್ದ ದೊಡ್ಡ ಹರಾಜು ಸಂಸ್ಥೆ 2019ರಲ್ಲಿ ಸಾಲದ ಹೊರೆಗೆ ಕೋರ್ಟ್ ಮೆಟ್ಟಿಲು ಹತ್ತಿತು. ಆಮೇಲೆ ಉಳಿದದ್ದು ನಮ್ಮ ನಾರ್ತ್ ಬೇನ ಫರ್ ಹಾರ್ವೆಸ್ಟರ್ಸ್, ಟ್ರ್ಯಾಪರ್‌ಗಳೂ ಫಸ್ಟ್ ನೇಷನ್ಸ್ ಅನ್ನೋ ಇಲ್ಲಿನ ಮೂಲನಿವಾಸಿಗಳೂ ಸೇರಿ ಮಾಲೀಕರಾಗಿರೋ ಹರಾಜು ಮನೆ. ಅಲ್ಲಿ ಬರೋ ಬೆಲೆಯಲ್ಲಿ ಪೆಟ್ರೋಲು, ಸ್ನೋಮೊಬೈಲ್ ರಿಪೇರಿ, ಸುಲಿಯೋ ಕೂಲಿ ಕಳೆದರೆ ಕೈಗೆ ಏನೂ ನಿಲ್ಲಲ್ಲ. ನಾಲ್ಕು ಕಾಸು ನೋಡೋ ಟ್ರ್ಯಾಪರ್‌ಗಳು ಯಾರು ಅಂದ್ರೆ, ಕಟ್ಟೆ ಕಟ್ಟಿ ರಸ್ತೆ ಮುಳುಗಿಸೋ ಬೀವರ್ ತೆಗೆಯೋಕೆ ಮುನಿಸಿಪಾಲಿಟಿಗಳು ಕರೆಸೋ ಅನುಭವಸ್ಥರು. ಹೊಸಬರನ್ನ ಯಾರೂ ಕರೆಯಲ್ಲ.

ಹಾಗಾಗಿ ಮಾಂಸಕ್ಕೆ, ಒಂದೆರಡು ಟೋಪಿ ಕೈಚೀಲದಷ್ಟು ಚರ್ಮಕ್ಕೆ, ಕಾಡು ಸುತ್ತೋ ಆಸೆಗೆ ಮಾಡೋದಾದ್ರೆ ಮಾಡು. ಸ್ಟಡಿ ಪರ್ಮಿಟ್ ಮೇಲೆ ಇರೋನು ನೀನು. ಚರ್ಮ ಮಾರಿದ್ರೆ ಅದು ಆದಾಯ ಅನ್ನಿಸಿಕೊಳ್ಳುತ್ತೆ. ಕಾಲೇಜಿನಲ್ಲಿ ಪರ್ಮಿಟ್ ವಿಷಯ ನೋಡೋರನ್ನ ಕೇಳದೆ ಮಾರೋಕೆ ಹೋಗಬೇಡ.

ಲೈಸೆನ್ಸಿಗೆ ಬರೋಣ. ಒಂಟಾರಿಯೊದಲ್ಲಿ ಮೊದಲು ಒಂದು ಕೋರ್ಸ್ ಮಾಡ್ಬೇಕು, ಸುಮಾರು 40 ಗಂಟೆ, ಒಂಟಾರಿಯೊ ಫರ್ ಮ್ಯಾನೇಜರ್ಸ್ ಫೆಡರೇಶನ್‌ನವರು ನಡೆಸ್ತಾರೆ. ಕಾಯ್ದೆ, ಟ್ರ್ಯಾಪ್ ಹೂಡೋದು, ಸುಲಿಯೋದು, ಚರ್ಮ ಹಲಗೆಗೆ ಹೊಡೆಯೋದು ಎಲ್ಲ ಕೈಯಾರೆ ಕಲಿಸಿ ಪರೀಕ್ಷೆ ತಗೋತಾರೆ. ಪಾಸಾದ ಮೇಲೆ ಲೈಸೆನ್ಸಿಗೆ ಅರ್ಜಿ. ಪ್ರಾಂತ್ಯದ ನಿವಾಸಿ ಅನ್ನೋದಕ್ಕೆ ದಾಖಲೆ ಕೇಳ್ತಾರೆ, ನಿನ್ನ ಕಾಗದಪತ್ರ ಹಿಡ್ಕೊಂಡು ನ್ಯಾಚುರಲ್ ರಿಸೋರ್ಸಸ್ ಸಚಿವಾಲಯದ ಟಿಮ್ಮಿನ್ಸ್ ಆಫೀಸಲ್ಲಿ ನೇರವಾಗಿ ವಿಚಾರಿಸು. ವಾಟ್ಸಾಪ್ ಗುಂಪಿನವರ ಮಾತು ನಂಬಬೇಡ.

ಲೈಸೆನ್ಸ್ ಸಿಕ್ಕ ಮಾತ್ರಕ್ಕೆ ಕಂಡ ಕೆರೆಗೆಲ್ಲ ಇಳಿಯೋ ಹಾಗಿಲ್ಲ, ಹೊಸಬರು ಎಡವೋದು ಇಲ್ಲೇ. ಉತ್ತರದಲ್ಲಿ ಬಹುತೇಕ ಸರ್ಕಾರಿ ಕಾಡು, ಅದನ್ನ ಟ್ರ್ಯಾಪ್‌ಲೈನ್ ಅನ್ನೋ ಭಾಗಗಳಾಗಿ ಹಂಚಿದ್ದಾರೆ. ಒಂದೊಂದು ಲೈನ್‌ಗೂ ಹೆಸರು ನೋಂದಾಯಿಸಿದ ಯಜಮಾನ ಇದ್ದಾನೆ. ನಿನಗೆ ಖಾಲಿ ಕಾಣೋ ಕೆರೆಯಲ್ಲಿ ಎಷ್ಟು ಮನೆ ಬೀವರ್ ಇದೆ ಅನ್ನೋ ಲೆಕ್ಕ ಅವನ ಹತ್ತಿರ ಇರುತ್ತೆ. ಅಷ್ಟೇ ಅಲ್ಲ, ಟಿಮ್ಮಿನ್ಸ್ ಸುತ್ತಮುತ್ತ ಮೂಲನಿವಾಸಿಗಳು ಸರ್ಕಾರದ ಜೊತೆ ಮಾಡಿಕೊಂಡ 9ನೇ ನಂಬರ್ ಒಪ್ಪಂದದ ನೆಲ. 1905-06ರಲ್ಲಿ ಕ್ರೀ ಮತ್ತು ಒಜಿಬ್ವೆ ಜನ ಸಹಿ ಹಾಕಿದ್ದು ಬೇಟೆ, ಮೀನುಗಾರಿಕೆ, ಟ್ರ್ಯಾಪಿಂಗ್ ಮುಂದುವರಿಸ್ಕೊಂಡು ಹೋಗಬಹುದು ಅನ್ನೋ ಮಾತಿನ ಮೇಲೆ. ಅವರದು ಹಕ್ಕು, ನಮ್ಮದು ಅನುಮತಿ. ಅದು ತಲೆಯಲ್ಲಿರಲಿ.

ಹೊಸಬರಿಗೆ ಇರೋದು ಎರಡೇ ದಾರಿ. ಹೊಲ ಮುಳುಗಿ ಬೇಸತ್ತ ರೈತ ಸಿಕ್ಕಿದರೆ ಬರಹದಲ್ಲಿ ಒಪ್ಪಿಗೆ ತಗೊಂಡು ಅವನ ಖಾಸಗಿ ಜಾಗದಲ್ಲಿ ಮಾಡಬಹುದು. ಇಲ್ಲ, ಲೈನ್ ಇರೋ ಒಬ್ಬರ ಕೆಳಗೆ ಹೆಲ್ಪರ್ ಲೈಸೆನ್ಸ್ ತಗೋಬೇಕು. ನಾನು ಹೇಳೋದು ಎರಡನೇದೇ. ಅಲ್ಲಿನ ಸ್ಥಳೀಯ ಟ್ರ್ಯಾಪರ್ಸ್ ಕೌನ್ಸಿಲ್ ಮೀಟಿಂಗಿಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತ್ಕೋ. ಎಪ್ಪತ್ತು ದಾಟಿದವರೇ ಜಾಸ್ತಿ, ಮಕ್ಕಳೆಲ್ಲ ಒಟ್ಟಾವಾ, ಟೊರೊಂಟೊ ಸೇರಿದ್ದಾರೆ. ಸಾಮಾನು ಎಳೆಯೋಕೆ, ಮಂಜುಗಡ್ಡೆ ಕೊರೆಯೋಕೆ ಗಟ್ಟಿ ಕೈ ಬೇಕು ಅಂತ ಕಾಯ್ತಿರ್ತಾರೆ. ಕನ್ನಡಿಗ, ಪಂಜಾಬಿ ಅಂತ ಯಾರೂ ನೋಡಲ್ಲ, ಬೆಳಿಗ್ಗೆ ಹೇಳಿದ ಹೊತ್ತಿಗೆ ಬರ್ತಾನಾ ಅನ್ನೋದು ನೋಡ್ತಾರೆ.

ಕೊಡಗು ಮಲೆನಾಡಿನಿಂದ ಬಂದವರಿಗೆ ಒಂದು ಕಸಿವಿಸಿ ಇರುತ್ತೆ, ನನಗೂ ಇತ್ತು. ನಮ್ಮಲ್ಲಿ ಉರುಳು ಅಂದ್ರೆ ತೋಟದ ಬೇಲಿಗೆ ಹಂದಿಗೆ ಅಂತ ಕಟ್ಟಿದ ಕೇಬಲ್ಲಿಗೆ ಚಿರತೆ ಸಿಕ್ಕಿಕೊಂಡು ಒದ್ದಾಡೋ ಸುದ್ದಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅನ್ನೋದು ಕದ್ದು ಮಾಡೋ ಕೆಲಸ. ಇಲ್ಲಿ ಅದೇ ಕೆಲಸ ಲೆಕ್ಕದ ಪುಸ್ತಕದೊಳಗಿದೆ: ಬೀವರ್‌ಗೆ ಋತು ಇದೆ, ಲೈನ್‌ಗೆ ಕೋಟಾ ಇದೆ, ಎಷ್ಟು ಹಿಡಿದೆ ಅಂತ ವರದಿ ಕೊಡಬೇಕು. ಟ್ರ್ಯಾಪಿಗೂ ನಿಯಮ. 1997ರಲ್ಲಿ ಕೆನಡಾ, ಯುರೋಪಿನ ಒಕ್ಕೂಟ, ರಷ್ಯಾ ಸೇರಿ ಮಾಡಿಕೊಂಡ ಒಪ್ಪಂದದ ಪ್ರಕಾರ, ಬೀವರ್ ಕೊಲ್ಲೋ ಟ್ರ್ಯಾಪ್ ಪರೀಕ್ಷೆಯಲ್ಲಿ ಹತ್ತಕ್ಕೆ ಎಂಟಾದರೂ ಪ್ರಾಣಿಗಳ ಪ್ರಜ್ಞೆಯನ್ನ 300 ಸೆಕೆಂಡಿನೊಳಗೆ ತಪ್ಪಿಸಬೇಕು. ಅಂಥ ಪ್ರಮಾಣಿತ ಟ್ರ್ಯಾಪನ್ನೇ ಬಳಸಬೇಕು. ಐದು ನಿಮಿಷ ಕಡಿಮೆ ಹೊತ್ತಲ್ಲ. ಅದನ್ನ ಒಪ್ಪಿಕೊಳ್ಳೋಕೆ ಆಗದಿದ್ದರೆ ಈ ಕೆಲಸ ಬೇಡ, ಅದರಲ್ಲಿ ನಾಚಿಕೆ ಏನಿಲ್ಲ.

ಟ್ರ್ಯಾಪ್ ಯಾವುದು ಅಂದ್ಯಲ್ಲ, ಎಲ್ಲರೂ ಬಳಸೋದು 330 ಕಾನಿಬೇರ್. ಫ್ರಾಂಕ್ ಕಾನಿಬೇರ್ ಅನ್ನೋ ಟ್ರ್ಯಾಪರ್, ಕಾಲು ಹಿಡಿಯೋ ಹಳೇ ಟ್ರ್ಯಾಪುಗಳ ಹಿಂಸೆ ನೋಡಲಾರದೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ್ದು. ಹತ್ತು ಇಂಚು ಚೌಕದ ಎರಡು ಕಬ್ಬಿಣದ ಚೌಕಟ್ಟು, ಎರಡು ಕಡೆ ಸ್ಪ್ರಿಂಗು. ಬೀವರ್ ಈಜಿ ಒಳಗೆ ತಲೆ ಹಾಕಿದ್ರೆ ಕುತ್ತಿಗೆ, ಎದೆಗೆ ಬಡಿಯುತ್ತೆ. ನಿನ್ನ ತೋಳು ಹಾಕಿದ್ರೂ ಬಡಿಯುತ್ತೆ! ಸ್ಪ್ರಿಂಗ್ ಒತ್ತೋ ಇಕ್ಕಳ, ಸೇಫ್ಟಿ ಕೊಕ್ಕೆ ಇಲ್ಲದೆ ಮುಟ್ಟಬೇಡ. ಒಂದು ಕೈ ಸಿಕ್ಕಿಕೊಂಡರೆ ಇನ್ನೊಂದು ಕೈ ಮತ್ತು ಕಾಲು ಬಳಸಿ ಬಿಡಿಸಿಕೊಳ್ಳೋಕೆ ಒಂದು ಮಾರು ಹಗ್ಗ ಜೇಬಲ್ಲಿರಲಿ. ಮನೆಯಲ್ಲಿ ಬೆಚ್ಚಗೆ ಕೂತು, ಪಕ್ಕದಲ್ಲಿ ಗೊತ್ತಿರೋರು ಇರುವಾಗ ಇದನ್ನ ಅಭ್ಯಾಸ ಮಾಡು.

ಹೂಡೋ ಜಾಗ ಅಂದ್ರೆ ಬೀವರ್ ದಿನಾ ಓಡಾಡೋ ನೀರೊಳಗಿನ ಕಾಲುವೆ: ಗೂಡಿನ ಬಾಗಿಲ ಮುಂದೆ, ಕಟ್ಟೆ ದಾಟೋ ಕಡೆ. ಟ್ರ್ಯಾಪ್ ಕಟ್ಟೋ ಗಳ ಒಣ ಮರದ್ದಿರಬೇಕು. ಹಸಿ ಪಾಪ್ಲರ್ ಮರದ ಗಳ ಕೊಟ್ಟರೆ ಬೀವರ್ ಅದನ್ನೇ ಕಡಿದು ತಿಂದು ಟ್ರ್ಯಾಪ್ ಕೆರೆಯ ತಳ ಸೇರಿಸುತ್ತೆ. ಹಸಿ ಪಾಪ್ಲರ್ ಕೊಂಬೆ ಬೇಕಾಗೋದು ಆಮಿಷಕ್ಕೆ. ಅದೇ ಕಾಲುವೆಯಲ್ಲಿ ಇಲ್ಲಿನ ನೀರುನಾಯಿಯೂ ಓಡಾಡುತ್ತೆ, ನಮ್ಮ ಕಾವೇರಿಯ ನೀರುನಾಯಿಯ ಸಂಬಂಧಿ. ಟ್ರಿಗರ್ ತಂತಿಗಳನ್ನ ಮಧ್ಯದಿಂದ ಒಂದು ಮೂಲೆಗೆ ಸರಿಸಿದರೆ ತೆಳು ಮೈಯ ನೀರುನಾಯಿ ನುಸುಳಿ ಹೋಗುತ್ತೆ, ಅಗಲ ಮೈಯ ಬೀವರ್ ತಾಗುತ್ತೆ. ಪೂರ್ತಿ ತಪ್ಪಲ್ಲ, ಕಡಿಮೆ ಆಗುತ್ತೆ.

ಮಂಜುಗಡ್ಡೆ ಬಗ್ಗೆ ನೀನು ಕೇಳಲೇ ಇಲ್ಲ, ನನಗೆ ಹೆದರಿಕೆ ಇರೋದು ಅದೊಂದೇ. ಪಾರದರ್ಶಕ ಗಟ್ಟಿ ಐಸ್ 10 ಸೆಂಟಿಮೀಟರ್ ಇದ್ರೆ ಒಬ್ಬ ಮನುಷ್ಯ ನಡೆಯಬಹುದು ಅಂತಾರೆ. ಹಿಮ ಬೆರೆತ ಬಿಳೀ ಐಸಿಗೆ ಅರ್ಧ ಶಕ್ತಿ, ಆದ್ದರಿಂದ ಎರಡು ಪಟ್ಟು ಬೇಕು. ಆದರೆ ಬೀವರ್ ಇರೋ ಕಡೆ ಈ ಲೆಕ್ಕ ನಂಬೋ ಹಾಗಿಲ್ಲ. ಕೆರೆ ನಡುವೆ ಲಾರಿ ನಿಲ್ಲಿಸೋಷ್ಟು ದಪ್ಪ ಇದ್ದರೂ ಗೂಡಿನ ಮುಂದೆ ಅವು ಹೋಗಿ ಬಂದು ಮಾಡಿ, ಉಸಿರಿನ ಗುಳ್ಳೆ ಬಿಟ್ಟೂ ಬಿಟ್ಟೂ ಅಡಿಯಿಂದಲೇ ಕರಗಿಸಿರ್ತವೆ. ಕಟ್ಟೆಯ ಹತ್ತಿರ ನೀರಿನ ಸೆಳೆತ ಬೇರೆ. ಮೇಲೆ ಹಿಮ ಮುಚ್ಚಿರೋದ್ರಿಂದ ಕಣ್ಣಿಗೆ ಕಾಣಲ್ಲ. ಉದ್ದ ಹಿಡಿಯ ಐಸ್ ಉಳಿಯಿಂದ ಮುಂದಿನ ಹೆಜ್ಜೆಗೆ ಕುಟ್ಟಿ, ಶಬ್ದ ಕೇಳಿ ಆಮೇಲೆ ಕಾಲಿಡಬೇಕು. ಟೊಳ್ಳು ಸದ್ದು ಬಂದರೆ ಅದರ ಕೆಳಗೇ ಬೀವರ್ ದಾರಿ ಇದೆ ಅಂತ ಅರ್ಥ, ಅಂದ್ರೆ ನಿನಗೆ ಬೇಕಾದ ಜಾಗವೂ ಅದೇ, ಮುಳುಗೋ ಜಾಗವೂ ಅದೇ. ಬಿದ್ದರೆ ಐಸಿಗೆ ಚುಚ್ಚಿ ಮೇಲೆ ಬರೋಕೆ ಕುತ್ತಿಗೆಗೆ ಐಸ್ ಪಿಕ್ ಜೋಡಿ ನೇತು ಹಾಕಿಕೋ, ಚೀಲದಲ್ಲಿ ನೀರು ಹೋಗದ ಕವರ್‌ನಲ್ಲಿ ಬೇರೆ ಬಟ್ಟೆ, ಬೆಂಕಿಪೊಟ್ಟಣ ಇರಲಿ. ಮೊದಲ ಚಳಿಗಾಲ ಒಬ್ಬನೇ ಹೋಗ್ಲೇಬೇಡ.

ಈಗ ತಿನ್ನೋ ವಿಷಯ, ನನಗೆ ಇಷ್ಟವಾದದ್ದು. ದೊಡ್ಡ ಬೀವರ್ 20 ಕಿಲೋ ಮೀರುತ್ತೆ. ಮರದ ತೊಗಟೆ, ಎಲೆ, ಜಲಸಸ್ಯದಂಥದ್ದು ಬಿಟ್ಟು ಬೇರೆ ಏನೂ ತಿನ್ನದ ಪ್ರಾಣಿ. ಮಾಂಸ ಕಡುಗೆಂಪು, ಎಳೆ ಸಣ್ಣ, ತೊಡೆಯೂ ಬೆನ್ನೂ ಬಹಳ ಚೆನ್ನ. ಹದಿನೇಳನೇ ಶತಮಾನದಲ್ಲಿ ಕ್ವಿಬೆಕ್‌ನ ಚರ್ಚು ನೀರಲ್ಲಿ ಬದುಕೋದ್ರಿಂದ ಇದನ್ನ ಮೀನಿನ ಲೆಕ್ಕಕ್ಕೆ ಸೇರಿಸಿ ಉಪವಾಸದ ದಿನಗಳಲ್ಲೂ ತಿನ್ನೋಕೆ ಬಿಟ್ಟಿತ್ತಂತೆ. ಹಸಿವಿದ್ದರೆ ಶಾಸ್ತ್ರಕ್ಕೂ ದಾರಿ ಸಿಗುತ್ತೆ ನೋಡು. ಕೆಡೋದು ಎರಡು ಕಡೆ. ಕ್ಯಾಸ್ಟರ್ ಗ್ರಂಥಿ, ಅದರ ಪಕ್ಕದ ಎಣ್ಣೆ ಗ್ರಂಥಿ ಚಾಕು ತಾಗಿ ಒಡೆದರೆ ಆ ವಾಸನೆ ಯಾವ ಮಸಾಲೆಗೂ ಬಗ್ಗಲ್ಲ. ಇಡಿಯಾಗಿ ಬಿಡಿಸಿ ತೆಗೀಬೇಕು. ಎರಡನೇದು ಕೊಬ್ಬು: ಬಾಲದ್ದು ಬಿಟ್ಟು ಉಳಿದದ್ದನ್ನೆಲ್ಲ ಕಿತ್ತು ಹಾಕು. ರಾತ್ರಿ ಉಪ್ಪು ನೀರಲ್ಲಿ ನೆನೆಸಿ, ಬೆಳಿಗ್ಗೆ ತೊಳೆದು ಕುಕ್ಕರಿಗೆ ಹಾಕು. ಮುಂದಿನದು ನಿನಗೆ ಹೇಳಿಕೊಡಬೇಕಾ? ಪಂದಿ ಕರಿಗೆ ಹುರಿಯೋ ಹಾಗೆ ಮೆಣಸು, ಕೊತ್ತಂಬರಿ, ಜೀರಿಗೆ, ಸಾಸಿವೆ ಕಪ್ಪಗೆ ಹುರಿದು ಪುಡಿ ಮಾಡಿ, ಕೊನೆಗೆ ಕೊಡಗಿನ ಕಪ್ಪು ಹುಳಿ ಕಾಚಂಪುಳಿ. ಹಂದಿಗಿಂತ ಇದಕ್ಕೇ ಕಾಚಂಪುಳಿ ಒಪ್ಪುತ್ತೆ ಅನ್ನೋದು ನನ್ನ ಅಭಿಪ್ರಾಯ. ಕೊಡವ ಗೆಳೆಯರು ಜಗಳಕ್ಕೆ ಬರ್ತಾರೆ, ಬರಲಿ. ಬಾಲವನ್ನ ಬೆಂಕಿಗೆ ಹಿಡಿದರೆ ಹುರುಪೆಯಂಥ ಚರ್ಮ ಉಬ್ಬಿ ಸುಲಿದು ಬರುತ್ತೆ, ಒಳಗೆ ಬರೀ ಕೊಬ್ಬು. ನಾನು ಜೊತೆಗೆ ಹೋಗೋ ಹಿರಿಯ ಟ್ರ್ಯಾಪರ್ ಅದನ್ನ ಬ್ರೆಡ್ಡಿಗೆ ಸವರ್ತಾರೆ. ನನಗೆ ಒಗ್ಗಿಲ್ಲ.

ಸುಲಿಯುವಾಗ ಗ್ಲೌಸ್ ಕಡ್ಡಾಯ. ಬೀವರ್‌ನಿಂದ ಟುಲರೀಮಿಯಾ ಅನ್ನೋ ಜ್ವರ ಕೈಯ ಸಣ್ಣ ಗಾಯದಿಂದಲೂ ಹತ್ತಬಹುದು. ತಾನಾಗಿ ಸತ್ತು ಬಿದ್ದಿರೋ ಬೀವರ್ ಕಂಡರೆ ಮುಟ್ಟಬೇಡ. ಮಾಂಸದ ಒಳಗಿನ ಬಿಸಿ 74 ಡಿಗ್ರಿ ಮುಟ್ಟಬೇಕು, ಕುಕ್ಕರಿನಲ್ಲಿ ಆ ಚಿಂತೆ ಇಲ್ಲ. ಆ ಹಳ್ಳಗಳ ನೀರನ್ನೂ ಕಾಯಿಸದೆ ಕುಡೀಬೇಡ, ಜಿಯಾರ್ಡಿಯಾ ಹತ್ತಿದ್ರೆ ವಾರಗಟ್ಟಲೆ ಹೊಟ್ಟೆ ಹಿಡ್ಕೊಂಡು ಕೂರ್ಬೇಕು.

ಚರ್ಮದ ಕೆಲಸ ಬರೆದು ಕಲಿಸೋದಲ್ಲ. ಗದ್ದದಿಂದ ಬಾಲದ ತನಕ ಒಂದೇ ಸೀಳು, ಕಾಲುಗಳ ಸುತ್ತ ಉಂಗುರದ ಹಾಗೆ ಕೊಯ್ತ, ಆಮೇಲೆ ದಿಮ್ಮಿ ಮೇಲೆ ಹಾಕಿ ಎರಡು ಹಿಡಿಯ ಕತ್ತಿಯಲ್ಲಿ ಕೊಬ್ಬು ಹೆರೆಯೋದು, ಪ್ಲೈವುಡ್ ಮೇಲೆ ಅಂಡಾಕಾರಕ್ಕೆ ಮೊಳೆ ಹೊಡೆಯೋದು. ಹೆರೆಯೋದರಲ್ಲಿ ಸೊಂಟ ಬೀಳುತ್ತೆ. ಗಾತ್ರ ಜಾಸ್ತಿ ತೋರಿಸೋಕೆ ಅಂತ ಜಗ್ಗಿ ಹೊಡೆದರೆ ತುಪ್ಪಳ ವಿರಳವಾಗಿ ಕಾಣುತ್ತೆ, ಹರಾಜಿನಲ್ಲಿ ದರ್ಜೆ ಇಳಿಯುತ್ತೆ. ತುಪ್ಪಳ ತುಂಬಿ ಬರೋದು ನಡುಚಳಿಗಾಲದ ಮೇಲೆ, ಅಕ್ಟೋಬರಿನ ಚರ್ಮ ತೆಳು.

ಈ ಅಕ್ಟೋಬರಿನಲ್ಲಿ ಮಾತ್ರ ಸುಮ್ಮನೆ ಕೂರಬೇಡ. ಕೆರೆ ಹೆಪ್ಪುಗಟ್ಟೋ ಮುಂಚೆ ದಡದ ಮೇಲೆ ನಡೆದು ನೋಡು. ಗೂಡಿನ ಮುಂದೆ ನೀರಲ್ಲಿ ಹಸಿ ಕೊಂಬೆಗಳ ರಾಶಿ ಮುಳುಗಿಸಿದ್ದರೆ ಅದು ಚಳಿಗಾಲದ ದಾಸ್ತಾನು, ಒಳಗೆ ಸಂಸಾರ ಇದೆ: ಗಂಡ, ಹೆಂಡತಿ, ಈ ವರ್ಷದ ಮರಿ, ಹೋದ ವರ್ಷದವು. ರಾಶಿ ಇಲ್ಲದಿದ್ದರೆ ಗೂಡು ಖಾಲಿ ಇರಬಹುದು. ನಕ್ಷೆಯಲ್ಲಿ ಗುರುತು ಹಾಕಿಟ್ಟುಕೋ. ನಿನ್ನನ್ನ ಹೆಲ್ಪರ್ ಮಾಡಿಕೊಳ್ಳೋ ಮುದುಕ ಮೊದಲು ಕೇಳೋದೇ "ಎಲ್ಲೆಲ್ಲಿ ರಾಶಿ ನೋಡಿದೆ" ಅಂತ.

ಹಾಂ, ಬೇಸ್‌ಮೆಂಟ್ ಬಾಡಿಗೆ ಮನೆಯಲ್ಲಿ ಮೂರು ಜನ ಸಸ್ಯಾಹಾರಿ ಹುಡುಗರ ಜೊತೆ ಇದ್ದೀನಿ, ಅಲ್ಲೇ ಸುಲಿಯಬಹುದಾ ಅಂತಲೂ ಕೇಳಿದ್ದೀಯ. ಬೇಡಪ್ಪ. ಕ್ಯಾಸ್ಟರ್ ವಾಸನೆ ಕಾರ್ಪೆಟ್ಟಿಗೆ ಹತ್ತಿದ್ರೆ ಹೋಗಲ್ಲ, ಮನೆಯವರು ಡಿಪಾಸಿಟ್ ಹಿಡ್ಕೊಳ್ತಾರೆ. ಸುಲಿಯೋದು ಯಜಮಾನನ ಶೆಡ್‌ನಲ್ಲಿ, ಮಾಂಸ ಅಲ್ಲೇ ತುಂಡು ಮಾಡಿ ಪ್ಯಾಕ್ ಮಾಡು. ಹಳೇ ಚೆಸ್ಟ್ ಫ್ರೀಜರ್ ಒಂದು ಸೆಕೆಂಡ್ ಹ್ಯಾಂಡ್ ಸಿಗುತ್ತೆ, ಶೆಡ್‌ನಲ್ಲೇ ಇಟ್ಕೊಳ್ಳೋಕೆ ಅವರನ್ನ ಕೇಳು. ಕಾಚಂಪುಳಿ ಊರಿಂದ ಯಾರಾದರೂ ಬರುವಾಗ ತರಿಸಿಕೋ, ಬಾಟಲಿ ಗಟ್ಟಿಯಾಗಿ ಸೀಲ್ ಮಾಡಿರಲಿ.